ಓದು ಕೇಳುವ ನಾಯಿಗಳು

ಓದಲು ಕಲಿಯುತ್ತಿರುವ ಚಿಕ್ಕ ಮಗು ಗಟ್ಟಿಯಾಗಿ ಓದುವಾಗ ಅದರ ಪಕ್ಕದಲ್ಲಿ ಶಾಂತವಾಗಿ ಮಲಗಿರುವಂತೆ ಪಳಗಿಸಿ, ಪರೀಕ್ಷೆ ಮಾಡಿಸಿ, ಶಾಲೆಗೋ ಗ್ರಂಥಾಲಯಕ್ಕೋ ಕರೆತರುವ ಸಾಕುನಾಯಿಗಳನ್ನು ಓದು ಕೇಳುವ ನಾಯಿಗಳು ಎನ್ನಬಹುದು. ಇವು ಥೆರಪಿ ನಾಯಿಗಳ ಒಂದು ವರ್ಗ. ಸಂಘಟಿತ ಕಾರ್ಯಕ್ರಮವಾಗಿ ಈ ಪದ್ಧತಿ ಮೊದಲಾದದ್ದು 1999ರಲ್ಲಿ, ಅಮೆರಿಕದ ಯೂಟಾ ರಾಜ್ಯದ ರಾಜಧಾನಿ ಸಾಲ್ಟ್ ಲೇಕ್ ಸಿಟಿಯಲ್ಲಿ. ಈಗ ಬ್ರಿಟನ್, ಕೆನಡ, ಆಸ್ಟ್ರೇಲಿಯ, ಫಿನ್ಲೆಂಡ್ ಮೊದಲಾದ ದೇಶಗಳಲ್ಲೂ ಇದು ನಡೆಯುತ್ತಿದೆ. ನಾಯಿಗೆ ಅಕ್ಷರ ಗೊತ್ತಿಲ್ಲ, ಕಥೆ ಅರ್ಥವಾಗುವುದಿಲ್ಲ, ಮಗು ತಪ್ಪು ಓದಿದರೆ ತಿದ್ದುವುದೂ ಇಲ್ಲ. ಹೀಗೆ ತಿದ್ದದೆ ಇರುವ ಗುಣಕ್ಕಾಗಿಯೇ ಅದನ್ನು ತರಗತಿಗೆ ಕರೆತಂದರು. ಆದರೆ ಓದು ಕಲಿಯಲು ತಿದ್ದುವವರೂ ಬೇಕು. ಆದ್ದರಿಂದ ಕಾರ್ಯಕ್ರಮ ಫಲಿಸುವುದೂ ಬಿಡುವುದೂ ಬಹುಮಟ್ಟಿಗೆ ನಾಯಿಯ ಚೈನು ಹಿಡಿದು ಕೂತವರ ಕೈಯಲ್ಲಿದೆ.

ಥೆರಪಿ ನಾಯಿ ಬೇರೆ, ಸೇವಾನಾಯಿ ಬೇರೆ. ಅಂಧರಿಗೆ ದಾರಿ ತೋರುವ ನಾಯಿ, ಮೂರ್ಛೆರೋಗಿಯ ಜೊತೆಗಿರುವ ನಾಯಿ ಇವೆಲ್ಲ ಒಬ್ಬ ನಿರ್ದಿಷ್ಟ ವ್ಯಕ್ತಿಯ ಅಗತ್ಯಕ್ಕಾಗಿ ಕೆಲಸ ಕಲಿತ ಸೇವಾನಾಯಿಗಳು. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯಿದೆಯಂತೆ ಅವುಗಳಿಗೆ ಅಂಗಡಿ, ಹೋಟೆಲು, ಶಾಲೆಗಳಿಗೆಲ್ಲ ಪ್ರವೇಶದ ಹಕ್ಕಿದೆ. ಥೆರಪಿ ನಾಯಿಗೆ ಅಂಥ ಹಕ್ಕಿಲ್ಲ. ಅದು ಯಾರದೋ ಮನೆಯ ನಾಯಿ. ಒಡೆಯರ ಜೊತೆ, ಶಾಲೆಯವರು ಒಪ್ಪಿದ ದಿನ, ಒಪ್ಪಿದ ಹೊತ್ತಿಗೆ ಬಂದು ಹೋಗುತ್ತದೆ. ಜೊತೆಗೆ ಬರುವ ಒಡೆಯರನ್ನು ಹ್ಯಾಂಡ್ಲರ್ ಎನ್ನುತ್ತಾರೆ. ಹೆಚ್ಚಿನವರು ಸ್ವಯಂಸೇವಕರು, ಸಂಬಳವಿಲ್ಲ.

ಹಿನ್ನೆಲೆ

ರೋಗಿಗಳ ಆರೈಕೆಯಲ್ಲಿ ಸಾಕುಪ್ರಾಣಿಗೆ ಜಾಗ ಕೊಟ್ಟದ್ದು ಹಳೆಯ ಸಂಗತಿ. ಇಂಗ್ಲೆಂಡಿನಲ್ಲಿ 1796ರಲ್ಲಿ ತೆರೆದ ಯಾರ್ಕ್ ರಿಟ್ರೀಟ್ ಎಂಬ ಮಾನಸಿಕ ಚಿಕಿತ್ಸಾಲಯದ ಅಂಗಳದಲ್ಲಿ ಮೊಲ, ಕೋಳಿಗಳಿದ್ದವು. ದೀರ್ಘಕಾಲ ಹಾಸಿಗೆ ಹಿಡಿದವರಿಗೆ ಪುಟ್ಟ ಸಾಕುಪ್ರಾಣಿ ಒಳ್ಳೆಯ ಸಂಗಾತಿ ಎಂದು ಫ್ಲಾರೆನ್ಸ್ ನೈಟಿಂಗೇಲ್ 19ನೆಯ ಶತಮಾನದಲ್ಲೇ ಬರೆದಳು. ಮಕ್ಕಳ ವಿಷಯಕ್ಕೆ ಬಂದರೆ ಮೊದಲು ನೆನೆಯಬೇಕಾದದ್ದು ನ್ಯೂಯಾರ್ಕಿನ ಮಕ್ಕಳ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್‌ರನ್ನು. ಯಾರೊಡನೆಯೂ ಬೆರೆಯದೆ ಮುದುಡಿಕೊಂಡಿದ್ದ ಹುಡುಗನೊಬ್ಬ ಒಂದು ದಿನ ನಿಗದಿತ ವೇಳೆಗಿಂತ ಮುಂಚೆಯೇ ಅವರಲ್ಲಿಗೆ ಬಂದ. ಲೆವಿನ್ಸನ್‌ರ ನಾಯಿ ಜಿಂಗಲ್ಸ್ ಕೋಣೆಯಲ್ಲೇ ಇತ್ತು. ಅದು ಓಡಿಹೋಗಿ ಹುಡುಗನನ್ನು ನೆಕ್ಕಿತು. ಹುಡುಗ ಅದನ್ನು ತಬ್ಬಿಕೊಂಡ. ಮುಂದಿನ ಭೇಟಿಗಳಲ್ಲಿ ಅವನು ಮಾತು ಶುರು ಮಾಡಿದ್ದು ನಾಯಿಯ ಜೊತೆ, ಲೆವಿನ್ಸನ್‌ರ ಸರದಿ ಬಂದದ್ದು ಆಮೇಲೆ. ಈ ಅನುಭವವನ್ನು 1961ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್ನಿನ ಸಭೆಯಲ್ಲಿ ಲೆವಿನ್ಸನ್ ಮಂಡಿಸಿದಾಗ ಸಭಿಕರಲ್ಲಿ ಕೆಲವರು ನಕ್ಕರಂತೆ. ಮರುವರ್ಷ ಅದು ಲೇಖನವಾಗಿ ಪ್ರಕಟವಾಯಿತು. ಈ ಕ್ಷೇತ್ರದಲ್ಲಿ ಇಂದಿಗೂ ಎಲ್ಲರೂ ಹೆಸರಿಸುವ ಲೇಖನವದು.

1976ರಲ್ಲಿ ನರ್ಸ್ ಇಲೇನ್ ಸ್ಮಿತ್ ನ್ಯೂಜೆರ್ಸಿಯಲ್ಲಿ ಥೆರಪಿ ಡಾಗ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯನ್ನು ಕಟ್ಟಿದರು. ಮರುವರ್ಷ ಡೆಲ್ಟಾ ಸೊಸೈಟಿ ಬಂತು; ಇದೇ 2012ರಲ್ಲಿ ಪೆಟ್ ಪಾರ್ಟ್ನರ್ಸ್ ಎಂದು ಹೆಸರು ಬದಲಿಸಿಕೊಂಡಿತು. ನಾಯಿಗೂ ಹ್ಯಾಂಡ್ಲರಿಗೂ ಒಟ್ಟಿಗೆ ಪರೀಕ್ಷೆ, ನೋಂದಣಿ, ವಿಮೆ ಎಂಬ ವ್ಯವಸ್ಥೆ ಇಂಥ ಸಂಸ್ಥೆಗಳಿಂದ ಬೆಳೆಯಿತು. ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಹೋಗುತ್ತಿದ್ದ ಈ ನಾಯಿಗಳು ಪುಸ್ತಕದ ಹತ್ತಿರ ಬರಲು ಇನ್ನೂ ಎರಡು ದಶಕ ಹಿಡಿಯಿತು.

ಸಾಲ್ಟ್ ಲೇಕ್ ಸಿಟಿಯ ಇಂಟರ್‌ಮೌಂಟನ್ ಥೆರಪಿ ಆನಿಮಲ್ಸ್ ಸಂಸ್ಥೆಯ ಆಡಳಿತ ಮಂಡಳಿಯಲ್ಲಿದ್ದ ನರ್ಸ್ ಸ್ಯಾಂಡಿ ಮಾರ್ಟಿನ್, ಆಸ್ಪತ್ರೆಯಲ್ಲಿ ನಾಯಿಯ ಎದುರು ರೋಗಿಗಳು ನಿರಾಳವಾಗುವುದನ್ನು ಕಂಡವರು. ಓದಲು ಹೆದರುವ ಮಗುವಿಗೂ ಇದೇ ನಿರಾಳ ಸಿಗಬಾರದೇಕೆ ಎಂಬ ಯೋಚನೆ ಅವರದು. 1999ರ ನವೆಂಬರಿನಲ್ಲಿ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಪ್ರಯೋಗ ಶುರುವಾಯಿತು. ಮಾರ್ಟಿನ್‌ರ ಪೋರ್ಚುಗೀಸ್ ವಾಟರ್ ಡಾಗ್ ತಳಿಯ ಒಲಿವಿಯಾ ಮೊದಲ ಕೇಳುಗರಲ್ಲಿ ಒಬ್ಬಳು. ಕಾರ್ಯಕ್ರಮಕ್ಕೆ ‘ರೀಡಿಂಗ್ ಎಜುಕೇಶನ್ ಅಸಿಸ್ಟೆನ್ಸ್ ಡಾಗ್ಸ್’ ಎಂದು ಹೆಸರಿಟ್ಟು, ಮೊದಲ ಅಕ್ಷರಗಳನ್ನು ಸೇರಿಸಿ ‘ರೀಡ್’ ಎಂದು ಕರೆದರು. ಮರುವರ್ಷ ಅದೇ ನಗರದ ಬೆನಿಯನ್ ಪ್ರಾಥಮಿಕ ಶಾಲೆಗೆ ಅದು ಕಾಲಿಟ್ಟಿತು. ಅಲ್ಲಿನ ಬೆರಳೆಣಿಕೆಯ ಮಕ್ಕಳ ಓದು ವರ್ಷ ಕಳೆಯುವಷ್ಟರಲ್ಲಿ ಕನಿಷ್ಠ ಎರಡು ತರಗತಿಯಷ್ಟು ಮೇಲೇರಿತೆಂದು ಸಂಸ್ಥೆ ಹೇಳಿಕೊಂಡಿತು. ಈ ಮಾತು ಆಮೇಲೆ ಲೆಕ್ಕವಿಲ್ಲದಷ್ಟು ಪತ್ರಿಕೆಗಳಲ್ಲಿ ಬಂತು. ಹೋಲಿಸಿ ನೋಡಲು ನಾಯಿಯಿಲ್ಲದೆ ಓದಿದ ಇನ್ನೊಂದು ಗುಂಪು ಮಾತ್ರ ಅಲ್ಲಿರಲಿಲ್ಲ.

ಚಾಪೆಯ ಮೇಲೆ ಇಪ್ಪತ್ತು ನಿಮಿಷ

ಶಾಲೆಯ ಗ್ರಂಥಾಲಯದ ಮೂಲೆಯಲ್ಲೋ ಖಾಲಿ ಕೋಣೆಯಲ್ಲೋ ಒಂದು ಚಾಪೆ ಹಾಸುತ್ತಾರೆ. ನಾಯಿಗೆ ಕುಡಿಯಲು ನೀರು ಇಡುತ್ತಾರೆ. ವಾರಕ್ಕೊಮ್ಮೆ, ಒಂದು ಸಲಕ್ಕೆ ಒಂದೇ ಮಗು, ಹದಿನೈದರಿಂದ ಇಪ್ಪತ್ತು ನಿಮಿಷ. ಮಗು ನಾಯಿಯ ಎದುರಿಗಲ್ಲ, ಪಕ್ಕಕ್ಕೆ ಕೂರುತ್ತದೆ; ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ನಾಯಿಗೆ ಹಿತವಲ್ಲ. ಮೊದಲ ಎರಡು ಮೂರು ನಿಮಿಷ ಮೈದಡವುವುದರಲ್ಲೇ ಹೋಗುತ್ತದೆ. ಪುಸ್ತಕವನ್ನು ಮಗುವೇ ಆರಿಸಿ ತಂದಿರುತ್ತದೆ, ಅನೇಕ ಸಲ ನಾಯಿಗೆ ಯಾವ ಕಥೆ ಇಷ್ಟವಾದೀತು ಎಂದು ಲೆಕ್ಕ ಹಾಕಿ. ಓದುತ್ತ ಓದುತ್ತ ಒಂದು ಕೈ ನಾಯಿಯ ಬೆನ್ನಿನ ಮೇಲೇ ಉಳಿಯುತ್ತದೆ. ಚಿತ್ರ ಬಂದರೆ ಪುಸ್ತಕ ತಿರುಗಿಸಿ ನಾಯಿಗೆ ತೋರಿಸುವುದುಂಟು. ನುರಿತ ನಾಯಿ ಪುಟದ ಕಡೆ ಮೂತಿ ತರುತ್ತದೆ. ಕೆಲವು ಹ್ಯಾಂಡ್ಲರ್‌ಗಳು ಇದನ್ನು ಅಭ್ಯಾಸ ಮಾಡಿಸಿರುತ್ತಾರೆ.

ಮಗು ಒಂದು ಪದದಲ್ಲಿ ತೊಡರಿತು ಎನ್ನಿ. ಹ್ಯಾಂಡ್ಲರ್ ತಕ್ಷಣ ಬಾಯಿ ಹಾಕುವುದಿಲ್ಲ. ಸ್ವಲ್ಪ ತಡೆದು, “ಈ ಪದ ಇವಳು ಇವತ್ತೇ ಮೊದಲು ಕೇಳ್ತಿರೋದು ಕಣೋ, ಇನ್ನೊಂದು ಸಲ ಹೇಳ್ತೀಯಾ ಅವಳಿಗೆ?” ಎನ್ನುತ್ತಾರೆ. ಅರ್ಥ ತಿಳಿಯಿತೋ ಇಲ್ಲವೋ ನೋಡಬೇಕಿದ್ದರೆ, ಆ ಮೊಲ ಯಾಕೆ ಓಡಿಹೋಯಿತು ಅಂತ ಇವಳಿಗೆ ಗೊತ್ತಾಗಲಿಲ್ಲವಂತೆ ಎಂದು ನಾಯಿಯ ಪರವಾಗಿ ಕೇಳುತ್ತಾರೆ. ದಡ್ಡತನವೆಲ್ಲ ನಾಯಿಯ ಪಾಲಿಗೆ ಹೋಗುತ್ತದೆ. ವಿವರಿಸಿ ಹೇಳುವ ಹಿರಿತನ ಮಗುವಿಗೆ ದಕ್ಕುತ್ತದೆ. ಮನೆಯಲ್ಲೂ ತರಗತಿಯಲ್ಲೂ ಸದಾ ಹೇಳಿಸಿಕೊಳ್ಳುವ ಮಗುವಿಗೆ ಇದು ಸಣ್ಣ ಬದಲಾವಣೆಯೇನಲ್ಲ. ರೀಡ್ ಕಾರ್ಯಕ್ರಮದಲ್ಲಿ ಗುರಿ ಮುಟ್ಟಿದ ಮಗುವಿಗೆ ಒಂದು ಪುಸ್ತಕ ಬಹುಮಾನವಾಗಿ ಸಿಗುತ್ತದೆ. ಅದರೊಳಗೆ ಸಹಿಯ ಬದಲು ನಾಯಿಯ ಪಾದದ ಮುದ್ರೆ.

ಏಕೆ ನಾಯಿ

ತರಗತಿಯಲ್ಲಿ ಸರದಿಯಂತೆ ಎದ್ದು ನಿಂತು ಪಾಠ ಓದುವ ಪದ್ಧತಿ ಲೋಕದ ಅನೇಕ ಕಡೆ ಇದೆ. ತನ್ನ ಸರದಿಗೆ ಯಾವ ಸಾಲು ಬರುತ್ತದೆಂದು ಎಣಿಸಿಕೊಂಡು ಕೂರುವ ಮಗು ಉಳಿದವರು ಓದುವುದನ್ನು ಕೇಳಿಸಿಕೊಂಡಿರುವುದೇ ಇಲ್ಲ. 1965ರಲ್ಲಿ ಮನೋವಿಜ್ಞಾನಿ ರಾಬರ್ಟ್ ಜಾಯನ್ಸ್ ಒಂದು ಸೂತ್ರ ಮುಂದಿಟ್ಟರು: ನೋಡುವವರಿದ್ದಾಗ ಕೈವಶವಾದ ಕೆಲಸ ಇನ್ನೂ ಚೆನ್ನಾಗಿ ನಡೆಯುತ್ತದೆ, ಕೈವಶವಾಗದ ಕೆಲಸ ಇನ್ನಷ್ಟು ಕೆಡುತ್ತದೆ. ಪಳಗಿದ ಗಾಯಕನಿಗೆ ತುಂಬಿದ ಸಭೆ ಹುಮ್ಮಸ್ಸು ಕೊಟ್ಟರೆ, ಹೊಸಬನ ಶ್ರುತಿ ತಪ್ಪುವುದು ಅದೇ ಸಭೆಯಲ್ಲಿ. ಓದು ಕಲಿಯುವ ಮಗು ಈ ಎರಡನೆಯ ಗುಂಪಿನದು.

ನಾಯಿಯೂ ನೋಡುತ್ತದಲ್ಲ ಎಂದು ಕೇಳಬಹುದು. ಕ್ಯಾರೆನ್ ಆಲನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರದಂತಿದೆ. 45 ಮಂದಿ ಹೆಂಗಸರಿಗೆ ಬಾಯಿಲೆಕ್ಕ ಮಾಡಲು ಕೊಟ್ಟು ನಾಡಿಬಡಿತ, ರಕ್ತದೊತ್ತಡ ಅಳೆದರು. ಆಪ್ತ ಗೆಳತಿ ಪಕ್ಕದಲ್ಲಿದ್ದಾಗ ಉದ್ವೇಗ ಏರಿತು, ಲೆಕ್ಕವೂ ತಪ್ಪಿತು. ತಮ್ಮ ನಾಯಿ ಪಕ್ಕದಲ್ಲಿದ್ದವರಲ್ಲಿ ಆ ಏರಿಕೆ ತೀರ ಕಡಿಮೆ. ಎಷ್ಟೇ ಆಪ್ತಳಾದರೂ ಗೆಳತಿ ಮನಸ್ಸಿನಲ್ಲೇ ಅಂಕ ಹಾಕಬಲ್ಲಳು, ನಾಯಿ ಹಾಕಲಾರದು. ಇದಕ್ಕೂ ಮುಂಚೆ, 1983ರಲ್ಲಿ, ಎರಿಕಾ ಫ್ರೀಡ್ಮನ್ ಮತ್ತು ಸಂಗಡಿಗರು 38 ಮಕ್ಕಳ ರಕ್ತದೊತ್ತಡವನ್ನು ಸುಮ್ಮನಿದ್ದಾಗಲೂ ಗಟ್ಟಿಯಾಗಿ ಓದುವಾಗಲೂ ಅಳೆದಿದ್ದರು. ನಾಯಿ ಕೋಣೆಯಲ್ಲಿದ್ದಾಗ ಎರಡೂ ಸಂದರ್ಭಗಳಲ್ಲಿ ಅದು ಕಡಿಮೆಯಿತ್ತು. ಓದು ಕೇಳುವ ನಾಯಿಗಳ ಕಾರ್ಯಕ್ರಮಗಳು ಇಂದಿಗೂ ಹೆಚ್ಚಾಗಿ ಉಲ್ಲೇಖಿಸುವುದು ಇದನ್ನೇ. ಮುಟ್ಟುವುದಕ್ಕೂ ಪಾತ್ರವಿದೆ. ಆಂದ್ರೆಯಾ ಬೇಟ್ಜ್ ಮತ್ತು ಸಂಗಡಿಗರ 2012ರ ಅಧ್ಯಯನದಲ್ಲಿ ಗಂಡುಹುಡುಗರನ್ನು ಒತ್ತಡ ತರುವ ಪರೀಕ್ಷೆಗೆ ಕೂರಿಸಿ, ಜೊತೆಗೆ ನಿಜವಾದ ನಾಯಿ, ಸ್ನೇಹಪರ ವ್ಯಕ್ತಿ, ಆಟಿಕೆ ನಾಯಿ ಇವುಗಳಲ್ಲಿ ಒಂದನ್ನು ಕೊಟ್ಟರು. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ನಿಜವಾದ ನಾಯಿಯಿದ್ದ ಗುಂಪಿನಲ್ಲಿ ಕಡಿಮೆಯಿತ್ತು. ನಾಯಿಯನ್ನು ಹೆಚ್ಚು ಸವರಿದವರಲ್ಲಿ ಇನ್ನೂ ಕಡಿಮೆ.

ಈ ಪದ್ಧತಿ ಇಂಗ್ಲಿಷ್ ಮಾತಾಡುವ ದೇಶಗಳಲ್ಲೇ ಮೊದಲು ಬೇರೂರಿದ್ದಕ್ಕೆ ಆ ಭಾಷೆಯ ಕಾಗುಣಿತವೂ ಒಂದು ಕಾರಣವಿರಬೇಕು. ಫಿಲಿಪ್ ಸೀಮೋರ್ ಮತ್ತು ಸಂಗಡಿಗರು 2003ರಲ್ಲಿ ಯುರೋಪಿನ 13 ಭಾಷೆಗಳ ಮಕ್ಕಳನ್ನು ಒಂದನೇ ತರಗತಿಯ ಕೊನೆಯಲ್ಲಿ ಪರೀಕ್ಷಿಸಿದಾಗ, ಪರಿಚಿತ ಪದಗಳನ್ನು ಫಿನ್ನಿಷ್ ಮಕ್ಕಳು ಶೇ. 98ರಷ್ಟು ಸರಿಯಾಗಿ ಓದಿದರೆ ಇಂಗ್ಲಿಷ್ ಭಾಷೆಯ ಮಕ್ಕಳು ಓದಿದ್ದು ಶೇ. 34ರಷ್ಟು. ಮೂರು ಪದಕ್ಕೆ ಎರಡು ತಪ್ಪುವ ಹಂತದಲ್ಲಿ ಪ್ರತಿ ತಪ್ಪನ್ನೂ ತಿದ್ದಿದರೆ ಕಥೆ ಮುಂದೆ ಸಾಗುವುದಾದರೂ ಹೇಗೆ? ಕನ್ನಡದಲ್ಲಿ ಬರೆದಂತೆಯೇ ಓದಬಹುದಾದರೂ ತೊಡಕು ಬೇರೆ ಕಡೆ ಇದೆ. ಗುಣಿತಾಕ್ಷರ, ಒತ್ತಕ್ಷರಗಳ ದೊಡ್ಡ ರಾಶಿಯನ್ನು ಅರಗಿಸಿಕೊಳ್ಳಲು ಮಕ್ಕಳಿಗೆ ಮೂರ್ನಾಲ್ಕು ವರ್ಷವೇ ಹಿಡಿಯುತ್ತದೆ ಎಂಬುದನ್ನು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಫಿನ್ಲೆಂಡಿನ ಗ್ರಂಥಾಲಯಗಳಲ್ಲೂ ಓದು ಕೇಳುವ ನಾಯಿಗಳಿವೆ. ಅಲ್ಲಿ ಅಕ್ಷರದ ಕಷ್ಟ ಕಡಿಮೆ; ಹಿಂಜರಿಕೆ ಕಳೆದು ಓದಿನ ರುಚಿ ಹತ್ತಿಸುವುದೇ ಹೆಚ್ಚು.

ಅಧ್ಯಯನಗಳು ಹೇಳುವುದು

ನಾಯಿಯ ಜೊತೆ ಓದಿದರೆ ಮಕ್ಕಳ ಓದು ನಿಜವಾಗಿ ಸುಧಾರಿಸುತ್ತದೆಯೇ? ಇಷ್ಟು ಮುದ್ದಾದ ವಿಷಯದ ಬಗ್ಗೆ ಕಟುವಾಗಿ ಕೇಳುವವರು ಕಡಿಮೆ. ಕೇಳಿದವರಲ್ಲಿ ಮುಖ್ಯರು ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸೋಫಿ ಹಾಲ್, ಡೇನಿಯಲ್ ಮಿಲ್ಸ್ ಮತ್ತು ಅವರೊಡನೆ ಕೆಲಸ ಮಾಡಿದ ನ್ಯಾನ್ಸಿ ಗೀ. ಅಲ್ಲಿಯವರೆಗೆ ಬಂದ 48 ಬರಹಗಳನ್ನು ಜರಡಿ ಹಿಡಿದು 2016ರಲ್ಲಿ ಅವರು ಪ್ರಕಟಿಸಿದ ಸಮೀಕ್ಷೆ, ಫಲಿತಾಂಶಗಳು ಆಶಾದಾಯಕವಾಗಿವೆ, ಆದರೆ ಪುರಾವೆಯ ಗುಣಮಟ್ಟ ತೀರ ಕೆಳಗಿದೆ ಎಂದಿತು. ಅನೇಕ ಅಧ್ಯಯನಗಳಲ್ಲಿ ಮಕ್ಕಳ ಸಂಖ್ಯೆ ಚಿಕ್ಕದು, ಹೋಲಿಕೆಯ ಗುಂಪಿಲ್ಲ.

ಗಟ್ಟಿಯಾಗಿ ಕಟ್ಟಿದ ಕೆಲವೇ ಅಧ್ಯಯನಗಳಲ್ಲಿ ಒಂದು ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದ್ದು. 2014ರಲ್ಲಿ ಪ್ರಕಟವಾದ ಇದರಲ್ಲಿ ಓದಿನಲ್ಲಿ ಹಿಂದುಳಿದ ಮೂರನೇ ತರಗತಿಯ 102 ಮಕ್ಕಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪು ನಾಯಿಗೆ ಓದಿತು, ಇನ್ನೊಂದು ದೊಡ್ಡವರೊಬ್ಬರಿಗೆ, ಮತ್ತೊಂದು ಟೆಡ್ಡಿ ಗೊಂಬೆಗೆ. ನಾಲ್ಕನೆಯದು ಎಂದಿನಂತೆ ಉಳಿಯಿತು. ಹತ್ತು ವಾರ ಕಳೆದ ಮೇಲೆ ನಾಯಿಗೆ ಓದಿದವರು ಓದಿದ್ದನ್ನು ಅರ್ಥಮಾಡಿಕೊಳ್ಳುವುದರಲ್ಲಿ ಮುಂದಿದ್ದರು. ಗೊಂಬೆಯ ಗುಂಪು ಇಟ್ಟದ್ದು ಜಾಣತನ. ತಿದ್ದದೆ ಸುಮ್ಮನಿರುವುದೊಂದೇ ಗುಟ್ಟಾಗಿದ್ದರೆ ಗೊಂಬೆಗೂ ಅದೇ ಫಲ ಸಿಗಬೇಕಿತ್ತು.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯ ಶಾಲೆಯವರು ಎರಡನೇ ತರಗತಿಯ ಮಕ್ಕಳ ಮೇಲೆ ಎರಡು ಚಿಕ್ಕ ಅಧ್ಯಯನ ನಡೆಸಿದರು. 2016ರಲ್ಲಿ ಪ್ರಕಟವಾದ ಮೊದಲನೆಯದು ಬೇಸಿಗೆ ರಜೆಯದು, ಐದು ವಾರದ್ದು. ದೊಡ್ಡವರಿಗೆ ಓದುತ್ತಿದ್ದ ಮಕ್ಕಳಲ್ಲಿ ಮೂರನೇ ಒಂದು ಭಾಗ ನಡುವೆಯೇ ಬಿಟ್ಟುಹೋದರು. ನಾಯಿಗೆ ಓದುತ್ತಿದ್ದವರಲ್ಲಿ ಒಬ್ಬರೂ ಬಿಡಲಿಲ್ಲ. ಎರಡು ವರ್ಷದ ನಂತರದ ಎರಡನೆಯ ಅಧ್ಯಯನದಲ್ಲಿ ಶಾಲೆಯ ಓದಿನ ಬಗ್ಗೆ ಮಕ್ಕಳ ಒಲವು ಹೆಚ್ಚಿತು, ಓದಿನ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆನಡದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕಿ ಕಮೀಲ್ ರುಸೋ ಒಂದರಿಂದ ಮೂರನೇ ತರಗತಿಯ 17 ಮಕ್ಕಳಿಗೆ ಬೇಕೆಂದೇ ಸ್ವಲ್ಪ ಕಷ್ಟದ ಪಾಠ ಕೊಟ್ಟರು. ಮೊದಲ ಪುಟ ಮುಗಿದ ಮೇಲೆ ಮುಂದುವರಿಸುವುದು ಮಗುವಿನ ಇಷ್ಟ. ನಾಯಿ ಪಕ್ಕದಲ್ಲಿದ್ದಾಗ ಮಕ್ಕಳು ಹೆಚ್ಚು ಹೊತ್ತು ಓದಿದರು.

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ನಾಯಿಯಿಂದ ಹೆಚ್ಚುವಂತೆ ಕಾಣುವುದು ಓದಲು ಕೂರುವ ಮನಸ್ಸು ಮತ್ತು ಓದುವ ಹೊತ್ತು. ಓದಿನ ಅಂಕ ಏರುವುದು ಅದರ ಹಿಂದಿನಿಂದ ಬರಬಹುದು, ಬರದೆಯೂ ಇರಬಹುದು. ಮಕ್ಕಳ ಓದಿನ ಮೇಲೆ ನಾಯಿಯ ತಕ್ಷಣದ ಪರಿಣಾಮವನ್ನು ನೋಡಿದ ಆಸ್ಟ್ರಿಯದ ಸಂಶೋಧಕರಿಗೂ 2017ರಲ್ಲಿ ಕಂಡದ್ದು ಅಲ್ಪವೇ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದ ವರದಿಯಲ್ಲಿ ಹೇಳಿದ್ದನ್ನು ಇಲ್ಲಿ ನೆನೆಯಬೇಕು: ಗಟ್ಟಿಯಾಗಿ, ಮತ್ತೆ ಮತ್ತೆ, ಯಾರಾದರೂ ಮಾರ್ಗದರ್ಶನ ಕೊಡುತ್ತಿರುವಾಗ ಓದಿದರೆ ಓದು ಸರಾಗವಾಗುತ್ತದೆ. ಗಟ್ಟಿಯಾಗಿ ಮತ್ತೆ ಮತ್ತೆ ಓದಿಸುವುದು ನಾಯಿಯಿಂದಾಗುತ್ತದೆ. ಮಾರ್ಗದರ್ಶನ ಹ್ಯಾಂಡ್ಲರ್ ಕೊಡಬೇಕು. ಮೊಬೈಲು ನೋಡುತ್ತ ಕೂತ ಹ್ಯಾಂಡ್ಲರ್ ಇದ್ದರೆ ನಾಯಿ ಎಷ್ಟೇ ಒಳ್ಳೆಯದಾದರೂ ಮಗು ತಪ್ಪನ್ನೇ ರೂಢಿಸಿಕೊಂಡು ಮನೆಗೆ ಹೋಗುತ್ತದೆ.

ಆಯ್ಕೆ, ಆರೋಗ್ಯ, ಮಿತಿ

ತಳಿ ಮುಖ್ಯವಲ್ಲ, ಸ್ವಭಾವ ಮುಖ್ಯ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳು ಹೆಚ್ಚಾಗಿ ಕಾಣುತ್ತವೆ, ಬೆರಕೆ ನಾಯಿಗಳೂ ಇವೆ. ಪೆಟ್ ಪಾರ್ಟ್ನರ್ಸ್ ಒಂದು ವರ್ಷ ತುಂಬದ ನಾಯಿಯನ್ನು ಸೇರಿಸಿಕೊಳ್ಳುವುದಿಲ್ಲ. ಪರೀಕ್ಷೆಯಲ್ಲಿ ಅಪರಿಚಿತರು ಒರಟಾಗಿ ಮೈ ಸವರುತ್ತಾರೆ, ಹಿಂದಿನಿಂದ ಡಿಕ್ಕಿ ಹೊಡೆಯುತ್ತಾರೆ, ಸುತ್ತ ಗದ್ದಲ ಎಬ್ಬಿಸುತ್ತಾರೆ. ನಾಯಿ ಗುರುಗುಟ್ಟಬಾರದು, ಓಡಲೂಬಾರದು, ಅತ್ಯುತ್ಸಾಹದಿಂದ ಮೈಮೇಲೆ ಹಾರಲೂಬಾರದು. ಮಕ್ಕಳ ವಿಷಯದಲ್ಲಿ ಈ ಕೊನೆಯದೇ ಹೆಚ್ಚು ನಾಯಿಗಳನ್ನು ಸೋಲಿಸುತ್ತದೆ ಎನಿಸುತ್ತದೆ. ಹಸಿ ಮಾಂಸ ತಿನ್ನುವ ನಾಯಿಗೆ ಪ್ರವೇಶವಿಲ್ಲ, ಅದರ ಜೊಲ್ಲಿನಿಂದ ಸಾಲ್ಮೊನೆಲ್ಲಾದಂಥ ಸೋಂಕು ಹರಡಬಹುದು. ಬರುವ ಮುಂಚೆ ಸ್ನಾನ, ಉಗುರು ಕತ್ತರಿಸುವುದು, ಲಸಿಕೆಯ ದಾಖಲೆ ಎಲ್ಲ ಕಡ್ಡಾಯ.

ಮೊದಲ ಭೇಟಿಗೆ ಮುನ್ನ ಪೋಷಕರ ಒಪ್ಪಿಗೆ ಪಡೆಯುತ್ತಾರೆ. ಕೆಲವು ಮಕ್ಕಳಿಗೆ ನಾಯಿಯೆಂದರೆ ಭಯ, ಕೆಲವರ ಮನೆಯ ನಂಬಿಕೆಯಲ್ಲಿ ನಾಯಿಯ ಜೊಲ್ಲು ಅಶುದ್ಧ, ಕೆಲವರಿಗೆ ಅಲರ್ಜಿ. ಪೂಡಲ್, ಲ್ಯಾಬ್ರಡೂಡಲ್ ತಳಿಗಳಿಂದ ಅಲರ್ಜಿ ಬರುವುದಿಲ್ಲವೆಂಬ ಮಾತು ಬಹಳ ಪ್ರಚಾರದಲ್ಲಿದೆ. ಅಲರ್ಜಿ ತರುವ ಪ್ರೋಟೀನನ್ನು ಈ ತಳಿಗಳಲ್ಲಿ ಅಳೆದಾಗ ಬೇರೆ ನಾಯಿಗಳಿಗಿಂತ ಅದೇನೂ ಕಡಿಮೆಯಿಲ್ಲವೆಂದು 2012ರ ಡಚ್ ಅಧ್ಯಯನವೊಂದು ತೋರಿಸಿತು.

ನಾಯಿಗೂ ದಣಿವುಂಟು. ನಿದ್ದೆ ಬಾರದಿದ್ದರೂ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ಪಕ್ಕಕ್ಕೆ ಹೊರಳಿಸುವುದು ಇವೆಲ್ಲ ಸಾಕಾಯಿತು ಎಂಬ ಸೂಚನೆ. ಅದಕ್ಕಾಗಿಯೇ ಪೆಟ್ ಪಾರ್ಟ್ನರ್ಸ್‌ನಂಥ ಸಂಸ್ಥೆಗಳಲ್ಲಿ ನಾಯಿಯ ಕೆಲಸ ದಿನಕ್ಕೆ ಎರಡು ಗಂಟೆ ಮೀರಬಾರದೆಂಬ ನಿಯಮವಿದೆ. ಇಲ್ಲೇ ಈ ಪದ್ಧತಿಯ ದೊಡ್ಡ ಮಿತಿಯೂ ಇದೆ. ಮಗುವಿಗೆ ಇಪ್ಪತ್ತು ನಿಮಿಷದಂತೆ ಎರಡು ಗಂಟೆಗೆ ಆರು ಮಕ್ಕಳು. ಮೂವತ್ತು ಮಕ್ಕಳ ತರಗತಿಯಲ್ಲಿ ಯಾವ ಆರು ಮಂದಿ ಎಂದು ಶಿಕ್ಷಕರೇ ಆರಿಸಬೇಕು. ಓದು ಬಾರದ ಮಕ್ಕಳಿಗಿಂತ ಓದು ಬಂದೂ ಬಾಯಿ ಬಿಡಲು ಅಂಜುವ ಮಕ್ಕಳಿಗೆ ಇದು ಹೆಚ್ಚು ಒಗ್ಗುತ್ತದೆ. ಅಕ್ಷರವೇ ಹಿಡಿತಕ್ಕೆ ಸಿಗದ ಮಗುವಿಗೆ ಬೇಕಾದದ್ದು ಶಿಕ್ಷಕರು, ನಾಯಿಯಲ್ಲ.

ಹರಡಿದ ಬಗೆ

ಬ್ರಿಟನ್ನಿನಲ್ಲಿ 1983ರಲ್ಲಿ ಹುಟ್ಟಿದ ಪೆಟ್ಸ್ ಆ್ಯಸ್ ಥೆರಪಿ ಸಂಸ್ಥೆ ‘ರೀಡ್ ಟು ಡಾಗ್ಸ್’ ಹೆಸರಿನಲ್ಲಿ ಶಾಲೆಗಳಿಗೆ ನಾಯಿಗಳನ್ನು ಕಳಿಸುತ್ತದೆ. ಕೆನಲ್ ಕ್ಲಬ್ ‘ಬಾರ್ಕ್ ಅಂಡ್ ರೀಡ್’ ಎಂಬ ಹೆಸರಲ್ಲಿ ಇಂಥ ಕೆಲಸಕ್ಕೆ ಬೆಂಬಲ ಕೊಟ್ಟಿದೆ. ಆಸ್ಟ್ರೇಲಿಯದ ‘ಸ್ಟೋರಿ ಡಾಗ್ಸ್’ ನ್ಯೂ ಸೌತ್ ವೇಲ್ಸ್‌ನ ಮರ್ವಿಲಂಬಾ ಎಂಬ ಸಣ್ಣ ಊರಿನಲ್ಲಿ 2009ರಲ್ಲಿ ಆರಂಭವಾಗಿ ದೇಶದ ಬೇರೆ ಭಾಗಗಳಿಗೂ ಹಬ್ಬಿತು. ಅಮೆರಿಕದ ಮಿಸೌರಿಯ ಹ್ಯೂಮೇನ್ ಸೊಸೈಟಿ ಇದನ್ನು ತಿರುಗುಮುರುಗು ಮಾಡಿತು. ಅಲ್ಲಿ ಮಕ್ಕಳೇ ನಾಯಿಗಳ ಆಶ್ರಯಕ್ಕೆ ಹೋಗಿ, ಹೆದರಿ ಗೂಡಿನ ಹಿಂಬದಿಗೆ ಸೇರಿಕೊಂಡ ನಾಯಿಗಳ ಮುಂದೆ ನೆಲದ ಮೇಲೆ ಕೂತು ಓದುತ್ತಾರೆ. ಮನುಷ್ಯರ ದನಿಗೆ ಒಗ್ಗಿಕೊಂಡು ಮುಂದೆ ಬಂದ ನಾಯಿಯನ್ನು ಯಾರಾದರೂ ಮನೆಗೆ ಕರೆದೊಯ್ಯುವ ಸಂಭವ ಹೆಚ್ಚು. ಇಲ್ಲಿ ಚಿಕಿತ್ಸೆ ಯಾರಿಂದ ಯಾರಿಗೆ ಎಂದು ಕೇಳುವುದೇ ಬೇಡ.

ಭಾರತದಲ್ಲಿ ಥೆರಪಿ ನಾಯಿಗಳ ಕೆಲಸ ಕಾಣುವುದು ಹೆಚ್ಚಾಗಿ ನಗರಗಳಲ್ಲಿ, ವಿಶೇಷ ಅಗತ್ಯದ ಮಕ್ಕಳ ಶಾಲೆಗಳಲ್ಲಿ. ಆನಿಮಲ್ಸ್ ಏಷ್ಯಾ ಸಂಸ್ಥೆಯ ಜಿಲ್ ರಾಬಿನ್ಸನ್ 1991ರಲ್ಲಿ ಹಾಂಗ್‌ಕಾಂಗಿನಲ್ಲಿ ಆರಂಭಿಸಿದ ‘ಡಾಕ್ಟರ್ ಡಾಗ್’ ಕಾರ್ಯಕ್ರಮ ಬ್ಲೂ ಕ್ರಾಸ್ ಆಫ್ ಇಂಡಿಯಾದ ಮೂಲಕ ಚೆನ್ನೈಗೆ ಬಂತು. ಮುಂಬಯಿಯ ಆನಿಮಲ್ ಏಂಜಲ್ಸ್ ಫೌಂಡೇಶನ್ನಿನದೂ ಇದೇ ಕ್ಷೇತ್ರ. ಸಾಮಾನ್ಯ ಶಾಲೆಗಳಿಗೆ ಇದು ಬರಬೇಕಾದರೆ ದಾಟಬೇಕಾದ ಹೊಸ್ತಿಲು ಇಲ್ಲಿ ಎತ್ತರವಾದದ್ದು. ಬ್ರಿಟನ್ 1922ರಲ್ಲೇ ನಾಯಿಯಿಂದ ಹರಡುವ ರೇಬೀಸನ್ನು ಅಳಿಸಿತು. ಅಮೆರಿಕ ನಾಯಿಗಳ ನಡುವೆ ಹರಡುವ ರೇಬೀಸಿನಿಂದ ಮುಕ್ತವೆಂದು 2007ರಲ್ಲಿ ಘೋಷಿಸಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಲೋಕದ ರೇಬೀಸ್ ಸಾವುಗಳಲ್ಲಿ ಶೇ. 36ರಷ್ಟು ಭಾರತದಲ್ಲಿ ಆಗುತ್ತವೆ, ಕಡಿತಕ್ಕೆ ಸಿಕ್ಕುವವರಲ್ಲಿ ಮಕ್ಕಳೇ ಬಹಳ. ಶಾಲೆಗೆ ಹೋಗುವ ದಾರಿಯಲ್ಲಿ ಬೀದಿನಾಯಿ ಕಂಡರೆ ನಿಲ್ಲು, ಓಡಬೇಡ, ಮುಟ್ಟಬೇಡ ಎಂದು ಮನೆಯಲ್ಲಿ ಹೇಳಿಕೊಟ್ಟಿರುವ ಮಗುವಿಗೆ, ಶಾಲೆಯೊಳಗಿನ ಈ ನಾಯಿಯನ್ನು ಮಾತ್ರ ಮುಟ್ಟಬಹುದು ಎಂಬ ವ್ಯತ್ಯಾಸವನ್ನು ಮೊದಲು ಕಲಿಸಬೇಕಾಗುತ್ತದೆ. ಒಡೆಯರನ್ನು ಕೇಳದೆ ಯಾವ ನಾಯಿಯನ್ನೂ ಮುಟ್ಟಬಾರದು ಎಂಬ ಪಾಠ ಪಾಶ್ಚಾತ್ಯ ಶಾಲೆಗಳ ಕಾರ್ಯಕ್ರಮಗಳಲ್ಲೂ ಇದೆ. ನಮ್ಮಲ್ಲಿ ಅದು ಪುಸ್ತಕ ತೆರೆಯುವುದಕ್ಕೆ ಮುಂಚಿನ ಹಲವು ವಾರಗಳ ಪಾಠವಾದೀತು.